ಕ್ಲಚ್ ಸೆಟ್ ಹಾಕಿಸಿದ ಮ್ಯಾಲೆ ನ್ಯೂಟ್ರಲಿನ್ಯಾಗ ಗರ್ ಸಪ್ಪಳ, ಗೇರ್ ಬಾಕ್ಸ್ ಮತ್ತ ಇಳಿಸಬೇಕೇನ್ರಿ?

ನವನಗರ_ವ್ಯಾಗನ್‌ಆರ್ (ಬಾಗಲಕೋಟೆ):
ಗಾಡಿ ವ್ಯಾಗನ್‌ಆರ್, ಪೆಟ್ರೋಲ್, ಕೇಬಲ್ ಕ್ಲಚ್. ಪ್ಲೇಟು, ಅದನ್ನ ಒತ್ತಿ ಹಿಡಿಯೂ ಪ್ರೆಷರ್ ಪ್ಲೇಟು, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸೂ ರಿಲೀಸ್ ಬೇರಿಂಗ್ ಮೂರೂ ಹೊಸಾವು ಹಾಕ್ಯಾರ. ಮೊದಲ ಕ್ಲಚ್ ಜಾರತಿತ್ತು, ಆದ್ರ ಸಪ್ಪಳ ಇರಲಿಲ್ಲ. ಈಗ ಜಾರೂದು ನಿಂತೈತಿ, ನ್ಯೂಟ್ರಲಿನ್ಯಾಗ ಎಂಜಿನ್ ಚಾಲೂ ಇಟ್ರ ಗರ್ ಅಂತೈತಿ. ಪೆಡಲ್ ಒತ್ತಿದ್ರ ಬಂದ್. ಒತ್ತುವಾಗ ಕಿರ್ ಅಂತ ಇನ್ನೊಂದು ಸಪ್ಪಳ ಬ್ಯಾರೆ. ಗ್ಯಾರೇಜಿನವರು "ಹೊಸಾ ಪ್ಲೇಟ್ ಐತಿ, ಓಡಿಸ್ರಿ, ಹೋಗತೈತಿ" ಅಂತಾರ. ಮತ್ತ ಇಳಿಸೂಕಿಂತ ಮೊದಲ ಏನೇನು ನೋಡಬೇಕು?

ಉದ್ಯಮಬಾಗ_ಫಿಟ್ಟರ್ (ಬೆಳಗಾವಿ):
ಪ್ಲೇಟ್ ಸೆಟ್ ಆಗಾಕ ಸ್ವಲ್ಪ ಓಡಬೇಕು ಅನ್ನೂದು ಹಿಡಿತಕ್ಕ ಸಂಬಂಧಪಟ್ಟ ಮಾತ್ರಿ, ಸಪ್ಪಳಕ್ಕಲ್ಲ. ಗರ್ ಅನ್ನೂ ಬೇರಿಂಗ್ ಓಡಿಸಿದಷ್ಟೂ ಕೆಡತೈತಿ.

ಕಾಲು ಬಿಟ್ಟಾಗ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರ್ ಬಾಕ್ಸಿನೊಳಗ ಹೋಗೂ ದಂಡ) ಎಂಜಿನ್ ಜೋಡಿ ತಿರಗತೈತಿ, ಪೂರಾ ಒತ್ತಿದ್ರ ನಿಲ್ಲತೈತಿ. ಅದಕ್ಕ ಒತ್ತಿದಾಗ ಸಪ್ಪಳ ಹೋತಂದ್ರ ಎಲ್ಲಾರೂ ಇನ್‌ಪುಟ್ ಶಾಫ್ಟ್ ಬೇರಿಂಗ್ ಅಂದ್‌ಬಿಡತಾರ. ಆದ್ರ ಕೇಬಲ್ ಹೆಚ್ಚು ಬಿಗಿದು ಫ್ರೀ ಪ್ಲೇ (ಪೆಡಲ್ ಬಿಗಿ ಆಗೂಕಿಂತ ಮೊದಲಿನ ಖಾಲಿ ಆಟ) ಇಲ್ಲಂದ್ರ ರಿಲೀಸ್ ಬೇರಿಂಗ್ ಡಯಾಫ್ರಂ ಬೆರಳಿಗೆ (ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ತುದಿಗೆ) ಸವರಕೋತ ತಿರಗತೈತಿ. ಲೋಡ್ ಬಿದ್ದ ಕೂಡ್ಲೆ ಅದೂ ಸುಮ್ಮನಾಗತೈತಿ. ಎರಡೂ ಕೇಳಾಕ ಒಂದ ಥರ.

ಗುರತ ಹಿಡಿಯೂದು ಹಿಂಗ: ಪೆಡಲ್ ಮ್ಯಾಲೆ ಬರೇ ಕಾಲಿನ ಭಾರ ಇಡ್ರಿ, ಸ್ವಲ್ಪ ಬಿಗಿ ಸಿಗೂತನಕ ಅಷ್ಟ. ಅಷ್ಟಕ್ಕ ಸಪ್ಪಳ ಹೋದ್ರ ರಿಲೀಸ್ ಬೇರಿಂಗ್ ಇಲ್ಲಾ ಅದನ್ನ ನೂಕೂ ಫೋರ್ಕ್. ಅಷ್ಟಕ್ಕ ಏನೂ ಆಗದ, ಪೂರಾ ಒತ್ತಿದ ಮ್ಯಾಲೆ ಒಂದೆರಡು ಸೆಕೆಂಡಿನ್ಯಾಗ ಇಳಕೋತ ನಿಂತ್ರ ಗೇರ್ ಬಾಕ್ಸ್ ಒಳಗಿಂದು.

ಇನ್ನೊಂದು. ಈ ಗಾಡ್ಯಾಗ ಗೇರ್ ಬಾಕ್ಸ್ ಇಳಿಸಾಕ ಎರಡೂ ಡ್ರೈವ್‌ಶಾಫ್ಟ್ (ಗಾಲಿಗೆ ಶಕ್ತಿ ಒಯ್ಯೂ ದಂಡ) ತೆಗೀಬೇಕು. ತೆಗೆದಲ್ಲಿಂದ ಗೇರ್ ಆಯಿಲ್ ಸೋರತೈತಿ. ಬಿಲ್ಲಿನ್ಯಾಗ ಗೇರ್ ಆಯಿಲ್ ಬರದಾರೇನು ಮೊದಲ ನೋಡ್ರಿ. ತಿರುಗಿ ತುಂಬಿಸಿಲ್ಲಂದ್ರ ಒಳಗಿನ ಬೇರಿಂಗ್ ಒಣಗಿ ಸಪ್ಪಳ ಮಾಡತೈತಿ, ನನ್ನ ಸಂಶಯ ಅಲ್ಲೇ ಐತಿ. ನೋಡೂತನಕ ದೂರ ಹೋಗಬ್ಯಾಡ್ರಿ, ಚೋರ್ಲಾ ಘಾಟಿನಂಥಾ ಏರು ಅಂತೂ ಬ್ಯಾಡೇ ಬ್ಯಾಡ.

ಗುಮ್ಮಟನಗರಿ_ಗ್ಯಾರೇಜ್ (ವಿಜಯಪುರ):
ಕಿರ್ ಸಪ್ಪಳದ ಬಗ್ಗೆ ನಾನು ಹೇಳುತ್ತೇನೆ. ಎಂಜಿನ್ ಬಂದ್ ಮಾಡಿ ಒಬ್ಬರು ಪೆಡಲ್ ನಿಧಾನಕ್ಕೆ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ಫೋರ್ಕ್ ಲಿವರ್ ಹತ್ತಿರ ಕಿವಿ ಇಡಲಿ. ಎಂಜಿನ್ ತಿರುಗದಿದ್ದರೂ ಕಿರ್ ಬಂದರೆ ಅದು ಬೇರಿಂಗ್ ತಿರುಗುವ ಸಪ್ಪಳ ಅಲ್ಲ: ಪೆಡಲ್ ಬುಶ್, ಕೇಬಲ್ ಅಥವಾ ಫೋರ್ಕ್ ಶಾಫ್ಟ್ ಬುಶ್ ಒಣಗಿರುತ್ತದೆ. ನಮ್ಮ ಕಡೆ ಎರಿಮಣ್ಣಿನ ಧೂಳು ಕೇಬಲ್ ಬಾಯಿಯ ರಬ್ಬರ್ ಹರಿದಿದ್ದರೆ ಸೀದಾ ಒಳಗೆ ಹೋಗುತ್ತದೆ. ಕೇಬಲ್ ಬಿಗಿಯಾಗಿ ಓಡಾಡುತ್ತಿದ್ದರೆ ಬದಲಿಸಿ, ಆಯಿಲ್ ಬಿಟ್ಟು ದಿನ ನೂಕಬೇಡಿ.

ಫ್ರೀ ಪ್ಲೇ ಕೈಯಿಂದ ಒತ್ತಿ ಸ್ಕೇಲ್ ಇಟ್ಟು ಅಳೆಯಿರಿ. ಕೇಬಲ್ ಕ್ಲಚ್ಚಿಗೆ ಪೆಡಲ್ ತುದಿಯಲ್ಲಿ ಸುಮಾರು 15–20 ಮಿ.ಮೀ. ಸಾಮಾನ್ಯ, ನಿಮ್ಮ ಗಾಡಿಯ ಪುಸ್ತಕದ ಅಳತೆಯೇ ಅಂತಿಮ. ಹೊಸ ಪ್ಲೇಟ್ ಹಾಕಿ ಹಳೇ ಅಡ್ಜಸ್ಟ್‌ಮೆಂಟ್ ಹಾಗೇ ಬಿಡುವುದು ಎಲ್ಲ ಕಡೆ ಕಾಣುವ ತಪ್ಪು.

ನವನಗರ_ವ್ಯಾಗನ್‌ಆರ್:
ಇಬ್ಬರಿಗೂ ಧನ್ಯವಾದ್ರಿ. ಬರೇ ಕಾಲಿಟ್ರ ಸಪ್ಪಳ ಬದಲಾಗೂದಿಲ್ಲ, ಪೂರಾ ಒತ್ತಿದ್ರ ಇಳಕೋತ ನಿಲ್ಲತೈತಿ. ಬಿಲ್ಲಿನ್ಯಾಗ ಗೇರ್ ಆಯಿಲ್ ಇಲ್ಲ. ಕಿರ್ ಅನ್ನೂದು ಎಂಜಿನ್ ಬಂದ್ ಇದ್ರೂ ಬರತೈತಿ, ಫೋರ್ಕ್ ಲಿವರ್ ಕಡೆಯಿಂದ.

ಉದ್ಯಮಬಾಗ_ಫಿಟ್ಟರ್:
ಹಂಗಾದ್ರ ಇವತ್ತ ಗೇರ್ ಬಾಕ್ಸಿನ ಲೆವೆಲ್ ಪ್ಲಗ್ (ಆಯಿಲ್ ಮಟ್ಟ ನೋಡೂ ತೂತಿನ ಬಿರಡಿ) ಬಿಚ್ಚಿಸ್ರಿ. ಗಾಡಿ ಸಮಾ ನಿಂತಿರಬೇಕು, ಮುಂದಿನ ಗಾಲಿ ಅಷ್ಟ ಜಾಕ್ ಹಚ್ಚಿ ನೋಡಿದ್ರ ಲೆಕ್ಕ ತಪ್ಪತೈತಿ. ಆಯಿಲ್ ತೂತಿನ ಕೆಳಗಿನ ಅಂಚಿಗೆ ಮುಟ್ಟಿರಬೇಕು. ಬೆರಳು ಬಗ್ಗಿಸಿ ಹಾಕಿದ್ರೂ ಹತ್ತಲಿಲ್ಲಂದ್ರ ಭಾಳ ಕಡಿಮಿ ಐತಿ.

ಆದ್ರ ಬರೇ ತುಂಬಿಸಬ್ಯಾಡ್ರಿ, ಒಳಗ ಇದ್ದದ್ದನ್ನ ಮೊದಲ ಸ್ವಚ್ಛ ತಾಟಿಗೆ ಇಳಿಸಿ ಬಿಸಿಲಿಗೆ ಹಿಡೀರಿ. ಬೂದಿ ಬಣ್ಣದ ನುಣ್ಣನ ಪೇಸ್ಟ್ ಇದ್ರ ಅದು ಸಹಜ ಸವೆತ. ಮಿಂಚೂ ಚೂರು ಬೆರಳಿಗೆ ಚುಚ್ಚಿದ್ರ ಬೇರಿಂಗಿನ ಮುಖ ಎದ್ದೈತಿ, ಹೊಸಾ ಆಯಿಲ್ ಅದನ್ನ ಸರಿ ಮಾಡೂದಿಲ್ಲ, ಬಾಕ್ಸ್ ಬಿಚ್ಚಬೇಕು. ಚೂರಿಲ್ಲಂದ್ರ ಪುಸ್ತಕದಾಗ ಹೇಳಿದ ಗ್ರೇಡ್ ಹಾಕಿ, ತೂತಿನಿಂದ ಹೊರಗ ಹನಿಯೂತನಕ ತುಂಬಿಸ್ರಿ. ಆಮ್ಯಾಲೆ ಎರಡೂ ಡ್ರೈವ್‌ಶಾಫ್ಟ್ ಸೀಲ್ ಒರಸಿ, ಒಂದು ಸುತ್ತು ಓಡಿಸಿ ನೋಡ್ರಿ. ಶಾಫ್ಟ್ ಸೇರಿಸುವಾಗ ಅದರ ಹಲ್ಲು ತಾಗಿ ಸೀಲಿನ ತುಟಿ ಹರಿದಿದ್ರ ಹಾಕಿದ್ದೆಲ್ಲಾ ಸೋರತೈತಿ.

ಗುಮ್ಮಟನಗರಿ_ಗ್ಯಾರೇಜ್:
ಅಕಸ್ಮಾತ್ ಇಳಿಸಲೇಬೇಕಾದರೆ ಎದುರಿಗೆ ನಿಂತು ನೋಡಿ. ಎಂಜಿನ್ ಮತ್ತು ಬೆಲ್ ಹೌಸಿಂಗ್ (ಗೇರ್ ಬಾಕ್ಸಿನ ಕ್ಲಚ್ ಮುಚ್ಚುವ ಭಾಗ) ನಡುವೆ ಎರಡನ್ನೂ ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ನುಗಳು ಇರಬೇಕು. ಅವು ಇಲ್ಲದೆ ಬರೀ ಬೋಲ್ಟ್ ಬಿಗಿದರೆ ಶಾಫ್ಟ್ ಸೆಂಟರ್ ತಪ್ಪಿ, ಹೊಸ ಬೇರಿಂಗೂ ಉಳಿಯುವುದಿಲ್ಲ. ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ. ಫೋರ್ಕ್ ಶಾಫ್ಟಿನ ಬುಶ್ಶಿಗೆ ಮತ್ತು ಫೋರ್ಕ್ ಬೇರಿಂಗಿಗೆ ತಾಗುವ ತುದಿಗಳಿಗೆ ಹೀಟ್ ತಡೆಯುವ ಗ್ರೀಸ್ ಹಚ್ಚಿದರೆ ನಿಮ್ಮ ಕಿರ್ ಅಲ್ಲೇ ಹೋಗುತ್ತದೆ. ಆದರೆ ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲಿಗೆ) ತೆಳ್ಳಗೆ ಸವರಿ ಹೆಚ್ಚಾದದ್ದು ಒರೆಸಬೇಕು. ಅದು ಪ್ಲೇಟಿಗೆ ಸಿಡಿದರೆ ಮೊದಲ ಗೇರಿನಲ್ಲಿ ಗಾಡಿ ನಡುಗುತ್ತದೆ, ಮತ್ತೆ ಹೊಸ ಪ್ಲೇಟೇ ಬೇಕಾಗುತ್ತದೆ.