ಪದಚರ್ಚೆ: ಕಂಟೂರ್‌ಗೆ ‘ಮಟ್ಟಗೆರೆ’ ಅನ್ನಬಹುದೇ? ಇಂಟರ್‌ವಲ್‌ಗೆ ಬರೀ ‘ಅಂತರ’ ಸಾಕೇ?

ಎಲ್ಲರಿಗೂ ಶರಣು.

ಕಲಬುರಗಿಯಲ್ಲಿ ಸರ್ವೆ ನಕ್ಷೆ ಮಾಡುವ ಕೆಲಸ ನನ್ನದು. ಹೊಸದಾಗಿ ಸೇರುವ ಹುಡುಗರಿಗಾಗಿ ಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್) ಕಂಟೂರ್ ತೆಗೆಯುವುದು ಹೇಗೆ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಕಂಟೂರ್, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಶಾಲೆಯ ಭೂಗೋಳದಲ್ಲಿ ಇದು ‘ಸಮೋನ್ನತ ರೇಖೆ’. ಕೃಷಿಯವರಿಗೆ ‘ಸಮಪಾತಳಿ ಬದು’ ಗೊತ್ತು. ಕೆಲವು ಅನುವಾದಗಳಲ್ಲಿ ‘ಬಾಹ್ಯರೇಖೆ’ ಅಂತಲೂ ಇರುತ್ತದೆ. ಇದನ್ನು ಮಾತ್ರ ನಾನು ಒಪ್ಪಲಾರೆ. ಬಾಹ್ಯರೇಖೆ ಅಂದರೆ ಹೊರಗಿನ ಅಂಚು. ನಕ್ಷೆಯಲ್ಲಿ ಹೊಲದ ಹದ್ದಿನ ಗೆರೆಯೂ ಇರುತ್ತದಲ್ವಾ? ಓದುವವರು ಅದನ್ನೇ ಕಂಟೂರ್ ಅಂದುಕೊಳ್ಳುತ್ತಾರೆ.

‘ಸಮಪಾತಳಿ’ ನನಗೆ ಇಷ್ಟದ ಪದ. ಆದರೆ ಕ್ಯಾಡ್‌ನಲ್ಲಿ ಒಂದು ತೊಡಕಿದೆ. ಹಳೆಯ ನಕ್ಷೆಯ ಕಂಟೂರ್‌ಗಳಿಂದಲೇ ಸರ್ಫೇಸ್ (ನೆಲದ ಏರಿಳಿತವನ್ನು ತ್ರಿಕೋನಗಳಲ್ಲಿ ಹೆಣೆದ ಮಾದರಿ) ಕಟ್ಟಿದಾಗ, ಒಂದೇ ಗೆರೆಯ ಮೂರು ಬಿಂದು ಸೇರಿ ಪೂರ್ತಿ ಚಪ್ಪಟೆ ತ್ರಿಕೋನ ಆಗಿಬಿಡುವುದುಂಟು. ಅದು ತಿದ್ದಬೇಕಾದ ದೋಷ. ಅದಕ್ಕೂ ‘ಸಮಪಾತಳಿ’ ಅನ್ನಬೇಕು ಅನಿಸುತ್ತದೆ. ಹಾಗಾಗಿ ‘ಮಟ್ಟಗೆರೆ’ ಅಂದರೆ ಹೇಗೆ ಅಂತ ಯೋಚನೆ ಬಂತು. ಗಾರೆ ಕೆಲಸದವರ ಬಾಯಲ್ಲಿ ‘ಮಟ್ಟ’ ದಿನವೂ ಓಡಾಡುವ ಪದ. ಅರ್ಥವೂ ಕೂಡುತ್ತದೆ. ನಮ್ಮ ಕಲಬುರಗಿಯ ಅಪ್ಪನ ಕೆರೆಯ ನೀರು ನೆಲ ಮುಟ್ಟುವ ಅಂಚು ಇದೆಯಲ್ಲ, ಅದು ಸುತ್ತಲೂ ಒಂದೇ ಮಟ್ಟದಲ್ಲಿರುವ ಗೆರೆ. ಕಂಟೂರ್ ಅಂದರೆ ಅದೇ.

ಇನ್ನು ಕ್ರಿಯಾಪದ. ನಮ್ಮಲ್ಲಿ ‘ಕಂಟೂರ್ ತೆಗಿ’ ಅನ್ನುತ್ತಾರೆ, ‘ಎಳಿ’ ಅನ್ನುವುದಿಲ್ಲ. ಇದು ಸರಿಯಾಗಿಯೇ ಇದೆ. ಹೊಲದಲ್ಲಿ ಹಿಡಿದ ಪಾಯಿಂಟ್‌ಗಳನ್ನು ಸಾಫ್ಟ್‌ವೇರ್ ತ್ರಿಕೋನಗಳಾಗಿ ಹೆಣೆಯುತ್ತದೆ. ಒಂದು ಪಾಯಿಂಟ್ 452.30 ಮೀಟರ್, 16 ಮೀಟರ್ ಆಚೆಗಿನದು 453.10 ಅಂತ ಇಟ್ಟುಕೊಳ್ಳಿ. 453ರ ಗೆರೆ ತಗ್ಗಿನ ಪಾಯಿಂಟ್‌ನಿಂದ 14 ಮೀಟರ್ ದೂರದಲ್ಲಿ ಆ ತ್ರಿಕೋನದ ಅಂಚನ್ನು ದಾಟುತ್ತದೆ. ಗೆರೆ ಎಲ್ಲಿ ಹೋಗಬೇಕು ಅನ್ನುವುದು ಲೆಕ್ಕದಿಂದ ಬರುತ್ತದೆ, ನಮ್ಮ ಕೈಯಿಂದಲ್ಲ. ಅದಕ್ಕೇ ಕೈಪಿಡಿಯಲ್ಲೂ ‘ತೆಗೆಯುವುದು’ ಅಂತಲೇ ಇಟ್ಟಿದ್ದೇನೆ.

ನನಗೆ ಜಾಸ್ತಿ ಚಿಂತೆ ಇರುವುದು ಎರಡನೆಯ ಪದದ ಬಗ್ಗೆ, ಅಂದರೆ ಕಂಟೂರ್ ಇಂಟರ್‌ವಲ್. ಎಲ್ಲರೂ ‘ಅಂತರ’ ಅಂತ ಬರೆಯುತ್ತಾರೆ. ‘ಅಂತರ 1 ಮೀಟರ್’ ಅಂದ ತಕ್ಷಣ ಹುಡುಗರು ಪರದೆಯ ಮೇಲೆ ಎರಡು ಗೆರೆಗಳ ನಡುವೆ ಅಳೆಯಲು ಶುರು ಮಾಡುತ್ತಾರೆ. ಒಂದು ಕಡೆ 8 ಮೀಟರ್ ಬರುತ್ತದೆ, ಇನ್ನೊಂದು ಕಡೆ 60. ಸಾಫ್ಟ್‌ವೇರ್ ತಪ್ಪು ಮಾಡಿದೆ ಅನ್ನುತ್ತಾರೆ. ಇಂಟರ್‌ವಲ್ ಅನ್ನುವುದು ಎತ್ತರದ ವ್ಯತ್ಯಾಸ, ನೆಲದ ಮೇಲಿನ ದೂರ ಅಲ್ಲ. ಚಿಂಚೋಳಿಯ ಗುಡ್ಡದಲ್ಲಿ ಗೆರೆಗಳು ಒತ್ತೊತ್ತಾಗಿ ಬರುತ್ತವೆ, ನಮ್ಮ ತೊಗರಿ ಹೊಲದ ಕರಿ ನೆಲದಲ್ಲಿ ದೂರ ದೂರ. ಎತ್ತರದ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ಬರೀ ‘ಅಂತರ’ ಅಂದರೆ ಇದು ತಿಳಿಯುವುದೇ ಇಲ್ಲ. ‘ಮಟ್ಟದ ಅಂತರ’ ಅಂತ ಬರೆಯಲೇ? ‘ಎತ್ತರದ ಅಂತರ’ ಇನ್ನೂ ಸ್ಪಷ್ಟ, ಆದರೆ ‘ಮಟ್ಟಗೆರೆ’ಯ ಜೊತೆ ಮೊದಲನೆಯದು ಚೆನ್ನಾಗಿ ಹೊಂದುತ್ತದೆ.

ಮೈನರ್, ಮೇಜರ್ ಕಂಟೂರ್‌ಗಳಿಗೆ ‘ಸಣ್ಣ ಗೆರೆ’, ‘ದಪ್ಪ ಗೆರೆ’ ಸಾಕು. ಸಾಮಾನ್ಯವಾಗಿ ಪ್ರತಿ 5ನೆಯದು ದಪ್ಪ ಗೆರೆ, ಎತ್ತರದ ಅಂಕಿ ಬರೆಯುವುದು ಅದರ ಮೇಲೆ.

ಬೀದರ್, ಯಾದಗಿರಿ ಕಡೆಯವರಿಗೆ ಇನ್ನೊಂದು ಪ್ರಶ್ನೆ. ಹಳ್ಳದ ದಂಡೆ, ಒಡ್ಡಿನ ತಲೆ, ರಸ್ತೆಯ ಅಂಚು, ಹೀಗೆ ಇಳಿಜಾರು ಥಟ್ಟನೆ ಬದಲಾಗುವ ಕಡೆ ನಾವು ಬ್ರೇಕ್‌ಲೈನ್ ಕೊಡುತ್ತೇವೆ, ಅಂದರೆ ತ್ರಿಕೋನಗಳು ದಾಟಬಾರದ ಗೆರೆ. ಕೊಡದಿದ್ದರೆ ತ್ರಿಕೋನಗಳು ಹಳ್ಳವನ್ನೇ ಅಡ್ಡ ದಾಟಿ ಕೂರುತ್ತವೆ, ಗೆರೆಗಳೆಲ್ಲ ಕೆಡುತ್ತವೆ. ನೆಲ ಹೀಗೆ ಮುರಿದು ಇಳಿಯುವ ಜಾಗಕ್ಕೆ ನಿಮ್ಮೂರಿನ ರೈತರು ಒಂದೇ ಮಾತಿನಲ್ಲಿ ಏನನ್ನುತ್ತಾರೆ?