ಬೆಳ್ಳಂದೂರು ಕೆರೆಯ ವಿಮಾನವೂ ತಾತನ ಪೆಟ್ಟಿಗೆಯೂ

ಬೆಳ್ಳಂದೂರು ಕೆರೆಯ ಹೂಳೆತ್ತುವಾಗ ಎರಡನೇ ಮಹಾಯುದ್ಧದ ಕಾಲದ, ನೀರಿನ ಮೇಲೆ ಇಳಿಯುವ ದೋಣಿ-ವಿಮಾನ ಕ್ಯಾಟಲೀನಾವೊಂದು ಇಡಿಯಾಗಿ ಸಿಕ್ಕಿದೆಯೆಂದೂ, ಅದನ್ನು ರಾತ್ರೋರಾತ್ರಿ ಗುಜರಿಗೆ ಸಾಗಿಸುವ ಹುನ್ನಾರ ನಡೆದಿದೆಯೆಂದೂ, ನಿಜವಾದ ಬೆಂಗಳೂರಿಗರು ಇದನ್ನು ಹತ್ತು ಜನರಿಗೆ ತಲುಪಿಸಬೇಕೆಂದೂ ಹೇಳುವ ಸಂದೇಶವನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದವರು ಚಿಕ್ಕಪ್ಪ. ಜೊತೆಗೆ ಒಂದು ಚಿತ್ರವೂ ಇತ್ತು. ಈ ಊರಿನಲ್ಲಿ ಹಳೆಯದು ಯಾವುದೂ ಉಳಿಯುವುದಿಲ್ಲ ಎಂಬುದು ಅವರ ಬಹುಕಾಲದ ಅಳಲು. ಆ ಅಳಲಿಗೆ ಹೂಂಗುಟ್ಟುವ ಸಂದೇಶವನ್ನು ಅವರು ಕೊನೆಯ ಸಾಲಿನವರೆಗೆ ಓದಿದ್ದನ್ನು ನಾನಂತೂ ಕಂಡಿಲ್ಲ.

ಅತ್ತೆಯಂದಿರು ಕೈಮುಗಿಯುವ ಚಿಹ್ನೆ ಹಾಕಿದರು. ನಿವೃತ್ತ ಉಪನ್ಯಾಸಕರಾದ ದೊಡ್ಡಪ್ಪ, ಪೂರ್ವಿಕರ ಸಾಹಸಕ್ಕೆ ಬೆಲೆ ಕೊಡದ ಜನಾಂಗಕ್ಕೆ ಮುಂದೆ ಬೆಲೆ ಕೊಡುವವರೂ ಇರುವುದಿಲ್ಲ ಎಂದು ಮೂರು ಪ್ಯಾರಾ ಬರೆದರು. ಸೋದರತ್ತೆಯ ಮಗ, ಅಂದರೆ ಪ್ರತಿ ಸಂದೇಶಕ್ಕೂ ಆಧಾರ ಕೇಳಿ ಗುಂಪಿನ ನೆಮ್ಮದಿ ಕೆಡಿಸುವ ನಮ್ಮ ಭಾವ, ಚಿತ್ರವನ್ನು ಹಿಗ್ಗಿಸಿ ನೋಡಿದ ಏಕೈಕ ವ್ಯಕ್ತಿ. ಅವನ ಉತ್ತರ ಹೀಗಿತ್ತು: "ಕ್ಯಾಟಲೀನಾಕ್ಕೆ ಎಂಜಿನ್ ಎರಡೇ. ಅದರ ರೆಕ್ಕೆ ಒಡಲಿನ ಮೇಲೆ ಗೂಟದಂಥ ಒಂದು ಆಧಾರದ ತುದಿಯಲ್ಲಿ ಕುಳಿತಿರುತ್ತದೆ. ಈ ಚಿತ್ರದಲ್ಲಿ ನಾಲ್ಕು ಎಂಜಿನ್‌ಗಳಿವೆ, ಪಕ್ಕದಲ್ಲಿ ಕೆಂಪು ಸೂರ್ಯನಿದ್ದಾನೆ. ಇದು ಜಪಾನಿನ ದೋಣಿ-ವಿಮಾನ ಕವಾನಿಶಿ ಎಚ್8ಕೆ. ತಯಾರಾದ 167ರಲ್ಲಿ ಈಗ ಉಳಿದಿರುವುದು ಇದೊಂದೇ. ಯುದ್ಧ ಮುಗಿದ ಮೇಲೆ ಅಮೆರಿಕದವರು ಪರೀಕ್ಷೆಗೆಂದು ಒಯ್ದು ನಾರ್ಫೋಕ್‌ನಲ್ಲಿಟ್ಟಿದ್ದರು. 1979ರಲ್ಲಿ ಜಪಾನಿಗೆ ಮರಳಿತು. ಟೋಕಿಯೊದಲ್ಲಿದ್ದು, 2004ರಿಂದ ಕನೋಯಾ ವಾಯುನೆಲೆಯ ವಸ್ತುಸಂಗ್ರಹಾಲಯದ ಬಯಲಿನಲ್ಲಿ ನಿಂತಿದೆ. ಬೆಳ್ಳಂದೂರಿಗೆ ಅದು ಯಾವ ದಾರಿಯಲ್ಲಿ ಬಂದಿತೆಂದು ದಯವಿಟ್ಟು ತಿಳಿಸಿ."

ಚಿಕ್ಕಪ್ಪ ದಾರಿಯನ್ನು ತಿಳಿಸಲಿಲ್ಲ. ಎಂಜಿನ್ ಎಣಿಸುವುದಕ್ಕಿಂತ ಭಾವನೆ ದೊಡ್ಡದು ಎಂದರು; ತಮ್ಮ ಮಗಳ ಲಗ್ನಪತ್ರಿಕೆಯಲ್ಲಿಯೂ ಕಾಗುಣಿತದ ತಪ್ಪು ಹುಡುಕಿದವನಿಂದ ಬೇರೇನನ್ನು ನಿರೀಕ್ಷಿಸಲಾದೀತು ಎಂದೂ ಸೇರಿಸಿದರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು, ಏಕೆಂದರೆ ಗುಂಪಿನಲ್ಲಿ ಅದನ್ನು ಯಾರೂ ಸಾವಧಾನವಾಗಿ ಹೇಳಲಿಲ್ಲ. ಸುಳ್ಳು ಸಂದೇಶದ ಬುಡದಲ್ಲಿ ನಿಜವಾದ ಸಂಗತಿಯೊಂದಿದೆ. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಇಂದು ಎಚ್ಎಎಲ್ ಆಗಿರುವ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ವಹಿಸಿಕೊಂಡು ತನ್ನ 84ನೇ ಏರ್ ಡಿಪೋ ಮಾಡಿಕೊಂಡಿತು. ಹಿಂದೂ ಮಹಾಸಾಗರದ ಮೇಲೆ ಗಸ್ತು ತಿರುಗಿ ಸವೆದ ಕ್ಯಾಟಲೀನಾಗಳು ರಿಪೇರಿಗಾಗಿ ಇಲ್ಲಿಗೆ ಬರುತ್ತಿದ್ದವು, ಬೆಳ್ಳಂದೂರು ಕೆರೆಯ ನೀರಿನ ಮೇಲೆಯೇ ಇಳಿಯುತ್ತಿದ್ದವು. ನೊರೆಗೂ ಬೆಂಕಿಗೂ ಸುದ್ದಿಯಾದ ಅದೇ ಕೆರೆ. ಹಾಗಾಗಿ ಚಿಕ್ಕಪ್ಪ ನಂಬಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಆದರೆ ಈ ಸಂಗತಿ ಗುಂಪಿಗೆ ಬಂದದ್ದು ಇತಿಹಾಸವಾಗಿ ಅಲ್ಲ, ಹಳೆಯ ನೆನಪಾಗಿ. ವಿಮಾನಪುರದಲ್ಲಿ ಬೆಳೆದ ಅಣ್ಣನೊಬ್ಬ, ಯುದ್ಧಕಾಲದಲ್ಲಿ ಅದೇ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದ್ದ ತಾತ ಕೆರೆಯ ದಡದಲ್ಲಿ ವಿಮಾನಕ್ಕೆ ಗಾಲಿ ಕಟ್ಟಿ ಎಳೆಯುವುದನ್ನು ವರ್ಣಿಸುತ್ತಿದ್ದುದನ್ನು ಬರೆದ. ಅಲ್ಲಿಂದ ಕಾರ್ಖಾನೆಯ ಸೈರನ್ನು, ಕ್ಯಾಂಟೀನಿನ ಉಪ್ಪಿಟ್ಟು ಎಂದು ಹೊರಟವನು ಮರಳಿ ಬರಲು ಬಹಳ ಹೊತ್ತಾಯಿತು. ಅದರ ನಡುವೆ ತಾತನ ಟೂಲ್ ಪೆಟ್ಟಿಗೆ ಈಗ ಎಲ್ಲಿದೆ ಎಂದು ಯಾರೋ ಮುಗ್ಧವಾಗಿ ಕೇಳಿಬಿಟ್ಟರು. ದೊಡ್ಡಪ್ಪ ಕಾಯುತ್ತಿದ್ದುದು ಇದಕ್ಕೇ. "ಗುಜರಿಯ ವಿಚಾರ ತೆಗೆದವರೇ ಇದಕ್ಕೂ ಉತ್ತರಿಸಲಿ. ಮನೆ ಖಾಲಿ ಮಾಡುವಾಗ ಅಪ್ಪನ ಮೈಕ್ರೋಮೀಟರು, ಅರಗಳು, ರಿವೆಟ್ ಸುತ್ತಿಗೆ ಎಲ್ಲವೂ ತೂಕಕ್ಕೆ ಹೋದದ್ದು ಯಾರ ಕೈಯಿಂದ?" ತಮ್ಮ ಎರಡು ಕೋಣೆಯ ಮನೆಯಲ್ಲಿ ಜಾಗವಿರಲಿಲ್ಲ, ಪೆಟ್ಟಿಗೆಯನ್ನು ಇಟ್ಟುಕೊಳ್ಳಲು ಮೈಸೂರಿನ ದೊಡ್ಡ ಮನೆಯವರು ಏಕೆ ಮುಂದಾಗಲಿಲ್ಲ ಎಂದು ಚಿಕ್ಕಪ್ಪ ಮರುಪ್ರಶ್ನೆ ಹಾಕಿದರು. ನನ್ನ ಮಟ್ಟಿಗೆ ಇಡೀ ಜಗಳದಲ್ಲಿ ವಿಷಯಕ್ಕೆ ಅತಿ ಹತ್ತಿರವಾದ ಪ್ರಶ್ನೆ ಅದೇ, ಅವರು ಅದನ್ನು ಸಿಟ್ಟಿನಲ್ಲಿ ಕೇಳಿದ್ದರೂ.

ಗುಂಪಿನಲ್ಲಿ ಅಪರೂಪಕ್ಕೆ ಬರೆಯುವ ದೊಡ್ಡಪ್ಪನ ಸೊಸೆಗೆ ಲೋಹಗಳ ಸವೆತವನ್ನು ಪರೀಕ್ಷಿಸುವುದೇ ಉದ್ಯೋಗ. ಅವಳು ಬರೆದದ್ದನ್ನು ಪೂರ್ತಿ ಓದಿದವರು ಕಡಿಮೆ, ಆದ್ದರಿಂದ ಇಲ್ಲಿ ಕೊಡುತ್ತೇನೆ. ವಿಮಾನದ ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ತಾಮ್ರವಿರುತ್ತದೆ. ಉಕ್ಕಿನ ಬೋಲ್ಟುಗಳ ಜೊತೆಯಲ್ಲಿ ಅದು ಲವಣದ ನೀರಿನಲ್ಲಿ ನೆನೆದರೆ ಒಳಗಿನಿಂದಲೇ ಪುಡಿಯಾಗುತ್ತದೆ, ಮೇಲೆತ್ತಿ ಗಾಳಿಗೊಡ್ಡಿದಾಗ ಸವೆತ ಇನ್ನೂ ಚುರುಕಾಗುತ್ತದೆ. ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ 1940ರ ಬಿರುಗಾಳಿಗೆ ಮುಳುಗಿದ ಬ್ರಿಟಿಷ್ ದೋಣಿ-ವಿಮಾನ ಸಂಡರ್‌ಲೆಂಡ್‌ನಿಂದ ಮೇಲೆತ್ತಿ ಪ್ರದರ್ಶನಕ್ಕೆ ಇಟ್ಟದ್ದರಲ್ಲಿ ಮುಖ್ಯವಾದದ್ದು ಒಂದು ಎಂಜಿನ್. 2013ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಿಂದ ಎತ್ತಿದ ಡಾರ್ನಿಯರ್ 17 ಬಾಂಬರಿಗೆ ಸವೆತ ತಡೆಯಲು ಕಾಸ್‌ಫರ್ಡ್ ವಸ್ತುಸಂಗ್ರಹಾಲಯದಲ್ಲಿ ದೀರ್ಘಕಾಲ ಸಿಟ್ರಿಕ್ ಆಮ್ಲದ ದ್ರಾವಣ ಸಿಂಪಡಿಸಬೇಕಾಯಿತು. "ಕೊಳಚೆ ಹೂಳಿನಲ್ಲಿ ಎಂಬತ್ತು ವರ್ಷ ಮಲಗಿದ್ದು ಇಡಿಯಾಗಿ ಎದ್ದು ಬರುವುದು ಚಿತ್ರದಲ್ಲಿ ಮಾತ್ರ ಸಾಧ್ಯ. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಇಡುವುದೆಲ್ಲಿ? ಕ್ಯಾಟಲೀನಾದ ರೆಕ್ಕೆಯ ಹರವು 31.7 ಮೀಟರ್. ಬಯಲಿನಲ್ಲಿಟ್ಟರೆ ಮಳೆಯ ನೀರು ಕೀಲುಗಳಿಂದ ಒಳಗಿಳಿಯುತ್ತದೆ. ನೀರು ಒಳಬಾರದಂತೆ ಕಟ್ಟಿದ ಒಡಲು, ಒಳಹೊಕ್ಕ ನೀರನ್ನು ಹೊರಗೂ ಬಿಡುವುದಿಲ್ಲ. ತಳದ ಬಿರಟೆಗಳನ್ನು ತೆಗೆದಿಡಬೇಕು, ಹಕ್ಕಿಗಳ ಗೂಡು ಬಿಡಿಸಬೇಕು. ನೀರು ಇಡೀ ತಳವನ್ನು ಸಮನಾಗಿ ಹೊರಲೆಂದು ರೂಪಿಸಿದ ಒಡಲನ್ನು ನೆಲದ ಮೇಲೆ ನಾಲ್ಕಾರು ಆಧಾರಗಳ ಮೇಲೆ ವರ್ಷಗಟ್ಟಲೆ ನಿಲ್ಲಿಸಿದರೆ ಆ ಜಾಗಗಳಲ್ಲಿ ತಗಡು ದಣಿಯುತ್ತದೆ. ಲಂಡನ್ನಿನ ಹೆಂಡನ್ ವಸ್ತುಸಂಗ್ರಹಾಲಯದಲ್ಲಿ ಸಂಡರ್‌ಲೆಂಡ್‌ನ ಒಳಗೆ ಜನ ಇಂದಿಗೂ ನಡೆದಾಡುತ್ತಾರೆಂದರೆ ಅದರ ತಲೆಯ ಮೇಲೆ ಸೂರಿದೆ. ಡಕ್ಸ್‌ಫರ್ಡ್ ವಸ್ತುಸಂಗ್ರಹಾಲಯದಲ್ಲಿರುವ ಇನ್ನೊಂದು, 1976ರಲ್ಲಿ ಅಲ್ಲಿಗೆ ಬರುವ ಮೊದಲು ಫ್ರಾನ್ಸಿನ ಕಡಲತೀರದಲ್ಲಿ ಬಾರ್ ಆಗಿತ್ತು."

ಇಷ್ಟೆಲ್ಲದರಲ್ಲಿ ಗುಂಪು ಹಿಡಿದುಕೊಂಡದ್ದು ಬಾರ್ ಎಂಬ ಒಂದೇ ಪದವನ್ನು. ಯೋಧರು ಕುಳಿತ ಪೀಠದಲ್ಲಿ ಮದ್ಯ ಮಾರಿದ ನಾಗರಿಕತೆಯ ಬಗ್ಗೆ ದೊಡ್ಡಪ್ಪ ಮತ್ತೆರಡು ಪ್ಯಾರಾ ಬರೆದರು. ಬಾರ್ ಆದದ್ದರಿಂದಲೇ ಅದು ಗುಜರಿಗೆ ಹೋಗದೆ ಉಳಿಯಿತಲ್ಲವೇ ಎಂದು ಭಾವ ಕೇಳಿದ. ಆಧಾರ ಕೇಳುವವನ ಬಾಯಿಂದ ಇಂಥ ತರ್ಕ ಬಂದದ್ದು ಚಿಕ್ಕಪ್ಪನಿಗೆ ಹಿಡಿಸಿ, ಆ ದಿನದಲ್ಲಿ ಮೊದಲ ಬಾರಿಗೆ ಅವನ ಸಂದೇಶಕ್ಕೆ ಹೆಬ್ಬೆರಳು ಒತ್ತಿದರು.

ಭಾರತೀಯ ನೌಕಾಪಡೆ 1953ರಲ್ಲಿ ತನ್ನ ಮೊದಲ ವಿಮಾನಗಳಾಗಿ ಪಡೆದದ್ದು ದೋಣಿಯ ಒಡಲಿನ ಶಾರ್ಟ್ ಸೀಲ್ಯಾಂಡ್‌ಗಳನ್ನು; ಅವುಗಳಲ್ಲೊಂದು ಗೋವಾದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿದೆ. ಕೆರೆಯಲ್ಲಿಲ್ಲದ ವಿಮಾನಕ್ಕಾಗಿ ಕಣ್ಣೀರಿಡುವ ಬದಲು ಇರುವುದನ್ನು ಹೋಗಿ ನೋಡೋಣ, ಅದಕ್ಕೆ ಕಡಲಗಾಳಿಯಿಂದ ಎಷ್ಟು ರಕ್ಷಣೆಯಿದೆಯೆಂದು ವಿಚಾರಿಸೋಣ ಎಂದು ನಾನು ಬರೆದೆ. ಉತ್ತರವಾಗಿ ಬಂದವು ಗೋವಾ ಎಂಬ ಹೆಸರಿಗೆ ಹುಡುಗರು ಹಾಕಿದ ಚಿಹ್ನೆಗಳು, ಮತ್ತು ಕಳೆದ ಸಲದ ಪ್ರವಾಸದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವೆಂಬ ಅತ್ತೆಯ ಜ್ಞಾಪನೆ.

ಸಂಜೆಯ ಹೊತ್ತಿಗೆ ಚಿಕ್ಕಪ್ಪ ಸ್ವಲ್ಪ ಮೆತ್ತಗಾದರು. ಚಿತ್ರ ತಪ್ಪಿರಬಹುದು, ಆದರೆ ಬೆಂಗಳೂರಿನಲ್ಲಿ ರಿಪೇರಿಯಾದ ಮಾದರಿಯ ಒಂದು ಕ್ಯಾಟಲೀನಾವನ್ನು ಎಲ್ಲಿಂದಾದರೂ ತಂದು ನಿಲ್ಲಿಸುವುದಾದರೆ, ಅದರ ಸೂರಿಗೆ ತಾವು ಒಂದು ತಿಂಗಳ ಪಿಂಚಣಿ ಕೊಡಲು ಸಿದ್ಧ ಎಂದರು. ಸೂರು ಕಟ್ಟಿದ ಮೇಲೆ ಪ್ರತಿವರ್ಷ ಅದನ್ನು ಒರೆಸಿ ಬಣ್ಣ ಬಳಿಯುವವರ ಸಂಬಳಕ್ಕೆ ಯಾರು ಕೊಡುತ್ತಾರೆಂದು ಸೊಸೆ ಕೇಳಿದಳು. ಹಿರಿಯಣ್ಣ ಎಷ್ಟು ಕೊಡುತ್ತಾರೋ ಅಷ್ಟು ತಾನೂ ಕೊಡುವೆನೆಂದು ಚಿಕ್ಕಪ್ಪ ಬರೆದರು. ದೊಡ್ಡಪ್ಪನ ಹೆಸರಿನ ಕೆಳಗೆ ಟೈಪ್ ಮಾಡುತ್ತಿದ್ದಾರೆ ಎಂದು ಬಹಳ ಹೊತ್ತು ಕಾಣಿಸಿತು. ಕೊನೆಗೆ ಬಂದದ್ದು, ಮುಂದಿನ ವಾರದ ತಾತನ ತಿಥಿಗೆ ಎಲ್ಲರೂ ಹತ್ತು ಗಂಟೆಯೊಳಗೆ ಸೇರಬೇಕೆಂಬ ಸೂಚನೆ.