ಏಳು ಚಾಂಪಿಯನ್‌ಶಿಪ್ ಗೆದ್ದ ರಾಬರ್ಟ್ ಹಾರಿ ಹಾಲ್ ಆಫ್ ಫೇಮ್‌ಗೆ ಅರ್ಹರಲ್ಲವೇ?

ಪ್ರಶ್ನೆ:
ಹ್ಯೂಸ್ಟನ್ ರಾಕೆಟ್ಸ್ ಪರ ಎರಡು, ಲೇಕರ್ಸ್ ಪರ ಮೂರು, ಸ್ಯಾನ್ ಆಂಟೋನಿಯೊ ಸ್ಪರ್ಸ್ ಪರ ಎರಡು, ಹೀಗೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಒಟ್ಟು ಏಳು ಚಾಂಪಿಯನ್‌ಶಿಪ್‌ಗಳನ್ನು ಗೆದ್ದ ರಾಬರ್ಟ್ ಹಾರಿ ಅವರಿಗೆ ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಸ್ಪ್ರಿಂಗ್‌ಫೀಲ್ಡ್‌ನ ಹಾಲ್ ಆಫ್ ಫೇಮ್‌ನಲ್ಲಿ ಇನ್ನೂ ಸ್ಥಾನ ಸಿಕ್ಕಿಲ್ಲ. 2002ರ ಪ್ಲೇಆಫ್‌ನಲ್ಲಿ ಸ್ಯಾಕ್ರಮೆಂಟೊ ವಿರುದ್ಧ ಸಮಯ ಮುಗಿಯುತ್ತಿದ್ದಂತೆ ಅವರು ಎಸೆದ ಚೆಂಡೇ ಲೇಕರ್ಸ್‌ಗೆ 100-99ರ ಗೆಲುವು ತಂದುಕೊಟ್ಟಿತ್ತು. ಪೋಷಕ ಆಟಗಾರರಿಗೆ ಈ ಗೌರವ ಸಲ್ಲಬಾರದೆಂಬ ನಿಯಮವೇನಾದರೂ ಇದೆಯೇ?

ಪ್ರತಿಕ್ರಿಯೆ 1:
ಅಂಥ ನಿಯಮವಿಲ್ಲ. ಪಂದ್ಯಕ್ಕೆ ಸರಾಸರಿ 7.3 ಪಾಯಿಂಟ್ ಗಳಿಸಿದ ಡೆನ್ನಿಸ್ ರಾಡ್‌ಮನ್ 2011ರಲ್ಲಿಯೂ, ಅದಕ್ಕಿಂತ ಕಡಿಮೆ ಗಳಿಸಿದ ಬೆನ್ ವಾಲೇಸ್ 2021ರಲ್ಲಿಯೂ ಸೇರ್ಪಡೆಯಾದರು. ಆದರೆ ರಾಡ್‌ಮನ್ ಸತತ ಏಳು ಋತುಗಳಲ್ಲಿ ರಿಬೌಂಡ್‌ನಲ್ಲಿ, ಅಂದರೆ ಬುಟ್ಟಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದರಲ್ಲಿ, ಮೊದಲಿಗರಾಗಿದ್ದರು. ವಾಲೇಸ್ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದರು. ತಮಗೊಪ್ಪಿಸಿದ ಒಂದು ಕೆಲಸದಲ್ಲಿ ಇಬ್ಬರೂ ತಮ್ಮ ಕಾಲದವರನ್ನೆಲ್ಲ ಮೀರಿಸಿದ್ದರು. ಓಲಾಜುವಾನ್, ಓನೀಲ್, ಡಂಕನ್ ಅವರಂಥ ತಾರೆಯರ ಪಕ್ಕದಲ್ಲಿ ಆಡಿದ ಹಾರಿ ಹಾಗೆ ಮೀರಿಸಿದ್ದು ಯಾವ ಕೆಲಸದಲ್ಲಿ? ಚಾಂಪಿಯನ್ನರಿಗೆ ಸಿಗುವ ಉಂಗುರಗಳ ಲೆಕ್ಕವೊಂದೇ ಉತ್ತರವಾಗಲಾರದು.

ಪ್ರತಿಕ್ರಿಯೆ 2:
ನಿಮ್ಮ ಅಳತೆಗೋಲನ್ನು ಒಪ್ಪುತ್ತೇನೆ, ಆದರೆ ಅದನ್ನು ಬಳಸುವವರ ನಿಧಾನವನ್ನಲ್ಲ. ಬಹುಪಾಲು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದುಬಂದು ಎದುರಾಳಿ ತಂಡದ ಶ್ರೇಷ್ಠ ಆಟಗಾರನನ್ನು ಕಟ್ಟಿಹಾಕುತ್ತಿದ್ದ, ಲೀಗ್‌ನ ಶ್ರೇಷ್ಠರ ಆಲ್‌ಸ್ಟಾರ್ ಪಂದ್ಯಕ್ಕೆ ಒಮ್ಮೆಯೂ ಆಯ್ಕೆಯಾಗದ ಲೇಕರ್ಸ್‌ನ ಮೈಕಲ್ ಕೂಪರ್ 1987ರಲ್ಲೇ ಅದೇ ರಕ್ಷಣಾ ಪ್ರಶಸ್ತಿ ಗೆದ್ದಿದ್ದರೂ, ಹಾಲ್ ಆಫ್ ಫೇಮ್‌ಗೆ 2024ರವರೆಗೆ ಕಾಯಬೇಕಾಯಿತು. ಪಾಯಿಂಟ್ ಹಾಕಿದವನ ಹೆಸರು ಅಂಕಪಟ್ಟಿಯಲ್ಲಿ ಉಳಿಯುತ್ತದೆ, ಹಾಕಗೊಡದವನ ಹೆಸರು ಉಳಿಯುವುದಿಲ್ಲ. (ಆಟಗಾರರಾಗಿ ಎಂಟು ಎನ್‌ಬಿಎ ಚಾಂಪಿಯನ್‌ಶಿಪ್‌ ಗೆದ್ದು ಹಾಲ್ ಆಫ್ ಫೇಮ್ ಸೇರಿದ ಕೆ.ಸಿ. ಜೋನ್ಸ್ ಅವರನ್ನು ಕೆಲವರು ಹಾರಿಯ ಪರವಾಗಿ ಉದಾಹರಿಸುತ್ತಾರೆ. ಆದರೆ ಜೋನ್ಸ್ ಸಾಧನೆಯಲ್ಲಿ ಅವುಗಳ ಜೊತೆಗೆ ಕಾಲೇಜು ಪ್ರಶಸ್ತಿಗಳೂ 1956ರ ಒಲಿಂಪಿಕ್ ಚಿನ್ನವೂ ಸೇರಿವೆ ಎಂಬುದನ್ನು ಮರೆಯಬಾರದು.)

ಪ್ರತಿಕ್ರಿಯೆ 3:
ಸ್ಪರ್ಸ್ ಮತ್ತು ಡೆಟ್ರಾಯಿಟ್ ನಡುವಿನ 2005ರ ಫೈನಲ್ಸ್‌ನ ಐದನೆಯ ಪಂದ್ಯವನ್ನು ನೋಡಿದರೆ ಎರಡೂ ವಾದಗಳಿಗೆ ಆಧಾರ ಸಿಗುತ್ತದೆ. ಹೆಚ್ಚುವರಿ ಅವಧಿಯ ಕೊನೆಯಲ್ಲಿ ಹಾರಿ ಗೆರೆಯಾಚೆಯಿಂದ ಚೆಂಡನ್ನು ಸ್ಪರ್ಸ್‌ನ ತಾರೆ ಗಿನೋಬಿಲಿಗೆ ಕೊಟ್ಟರು. ಗಿನೋಬಿಲಿಯನ್ನು ಮೂಲೆಯಲ್ಲಿ ಸುತ್ತುವರಿಯಲು ಡೆಟ್ರಾಯಿಟ್‌ನ ರಶೀದ್ ವಾಲೇಸ್ ಹಾರಿಯನ್ನು ಬಿಟ್ಟು ಓಡಿದರು. ಮರಳಿ ಬಂದ ಚೆಂಡನ್ನು ಹಾರಿ ಬುಟ್ಟಿಗೆ ಹಾಕಿ 96-95ರಿಂದ ಗೆಲ್ಲಿಸಿದರು. ತಾರೆಯ ಬಗ್ಗೆ ಎದುರಾಳಿಗಿದ್ದ ಭಯವೇ ಆ ಅವಕಾಶವನ್ನು ಸೃಷ್ಟಿಸಿತು ಎಂಬುದು ನಿಜ. ಆದರೂ ಅಂಥ ಅವಕಾಶವನ್ನು ಮೂರು ತಂಡಗಳಲ್ಲಿ ಮತ್ತೆ ಮತ್ತೆ ಗೆಲುವಾಗಿಸಿದ್ದನ್ನು ಬರೀ ಅದೃಷ್ಟವೆನ್ನಲು ನನಗೆ ಮನಸ್ಸಾಗದು. ನನಗೆ ಮತವಿದ್ದಿದ್ದರೆ ಅದನ್ನು ಮೊದಲು ಕೂಪರ್‌ಗೆ, ತುಸು ಅಳುಕಿನಿಂದಲೇ ಹಾರಿಗೂ ನೀಡುತ್ತಿದ್ದೆ.